ಮೊದಲು ಮನೆಯ ಲೆಕ್ಕ, ಆಮೇಲೆ ಅಂಗಡಿಯ ಲೆಕ್ಕ

ಚಿಕ್ಕಮಗಳೂರಿನಲ್ಲಿ ನಮ್ಮ ಅತ್ತಿಗೆ ಕಾಫಿಪುಡಿ ಅಂಗಡಿ ಇಟ್ಟಾಗ ಅವರಿಗಿದ್ದ ಆಸೆ ಒಂದೇ. ಮಗಳು ಸ್ಕೂಲಿನಿಂದ ಬರುವ ಹೊತ್ತಿಗೆ ಮನೆಯಲ್ಲಿರಬೇಕು. ಆರು ತಿಂಗಳಲ್ಲಿ ಮಗಳೇ ಅಂಗಡಿಗೆ ಬಂದು, ಬೀಜದ ಚೀಲದ ಮೇಲೆ ಕೂತು ಹೋಂವರ್ಕ್ ಬರೆಯುವಂತಾಯಿತು. ವ್ಯಾಪಾರ ಚೆನ್ನಾಗಿಯೇ ಇತ್ತು. ಆದರೂ ಅತ್ತಿಗೆ ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ. ನೀವೂ ಸಣ್ಣ ವ್ಯಾಪಾರ ಶುರು ಮಾಡುವವರಾದರೆ ಹೀಗೆ ಮಾಡಿ.

ಮೊದಲು ಒಂದು ಹಾಳೆಯಲ್ಲಿ ಮನೆಗೆ ಬೇಕಾದದ್ದನ್ನು ಬರೆಯಿರಿ. ಸುಮ್ನೆ ‘ನೆಮ್ಮದಿ ಬೇಕು’ ಅಂದರೆ ಸಾಲದು. ‘ಸಂಜೆ ನಾಲ್ಕೂವರೆಗೆ ಮನೆ ಸೇರಬೇಕು’, ‘ತಿಂಗಳಿಗೆ 20,000 ರೂಪಾಯಿ ಕೈಗೆ ಬರಬೇಕು’ ಎಂದು ಬಿಡಿಸಿ ಬರೆಯಿರಿ. ಮನೆಯವರೆಲ್ಲ ಜೊತೆಗೆ ಕೂತಿರಲಿ.

ಆಮೇಲೆ ಆ ಮೊತ್ತದಿಂದ ಹಿಂದಕ್ಕೆ ಲೆಕ್ಕ ಹಾಕಿ. ಮನೆಗೆ 20,000, ಬಾಡಿಗೆ, ಕರೆಂಟಿಗೆ 10,000 ಅಂದುಕೊಳ್ಳಿ. ಕಿಲೋ ಪುಡಿಗೆ 100 ರೂಪಾಯಿ ಉಳಿದರೆ ತಿಂಗಳಿಗೆ 300 ಕಿಲೋ ಮಾರಬೇಕು. 25 ದಿನ ಬಾಗಿಲು ತೆಗೆದರೆ ದಿನಕ್ಕೆ 12 ಕಿಲೋ! ಒಂದು ಕಿಲೋ ಹಸಿ ಬೀಜ ಹುರಿದಾಗ ಸುಮಾರು 150ರಿಂದ 200 ಗ್ರಾಂ ತೂಕ ಇಳಿಯುತ್ತದೆ. ಆ ನಷ್ಟ ಕಳೆದ ಮೇಲೂ 100 ಉಳಿಯಬೇಕು. ಇಲ್ಲೇ ಜಾಸ್ತಿ ಜನ ಎಡವುವುದು. 12 ಕಿಲೋ ಆಗುವುದಿಲ್ಲ ಅನ್ನಿಸಿತಾ? ಮುಂಗಡ ಕೊಡುವ ಮೊದಲೇ ಬಾಡಿಗೆ ಕಮ್ಮಿ ಇರುವ ಜಾಗ ಹುಡುಕಿ.

ಗಿರಾಕಿ ಯಾರು ಎನ್ನುವುದೂ ಮನೆಯ ವಿಷಯವೇ. ಮುಳ್ಳಯ್ಯನಗಿರಿಗೆ ಬರುವ ಪ್ರವಾಸಿಗರನ್ನೇ ನೆಚ್ಚಿಕೊಂಡರೆ ಶನಿವಾರ, ಭಾನುವಾರ ಅಂಗಡಿ ಬಿಟ್ಟು ಏಳುವ ಹಾಗಿಲ್ಲ ಅಲ್ವಾ? ಭಾನುವಾರ ಮಕ್ಕಳ ಜೊತೆ ಇರಬೇಕು ಅನ್ನುವವರು ಊರಿನ ಮನೆಗಳನ್ನೂ ಹೋಟೆಲ್‌ಗಳನ್ನೂ ಹಿಡಿಯುವುದು ಒಳ್ಳೆಯದು.

ಮುಂದೆ ಕ್ಯಾಲೆಂಡರ್ ತೆಗೆಯಿರಿ. ಜೂನ್ ಹೊತ್ತಿಗೆ ಸ್ಕೂಲ್ ಫೀಸು ಕಟ್ಟಬೇಕು, ಮಳೆಯೂ ಆಗಲೇ ಹಿಡಿಯುತ್ತದೆ. ವ್ಯಾಪಾರ ಜೋರಿರುವ ತಿಂಗಳುಗಳಲ್ಲೇ ಫೀಸಿನ ದುಡ್ಡು ಬೇರೆ ಖಾತೆಗೆ ಹೋಗಲಿ.

ಸಾಲ ಕೊನೆಗೆ. ಸಣ್ಣ ವ್ಯಾಪಾರಕ್ಕೆ ಸಾಲ ಕೊಡಿಸುವ ಕೇಂದ್ರ ಸರ್ಕಾರದ ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50,000 ರೂಪಾಯಿವರೆಗೆ ಸಿಗುತ್ತದೆ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ದಾಖಲಿಸುವ ‘ಉದ್ಯಮ್’ ನೋಂದಣಿಗೆ ಸರ್ಕಾರ ಶುಲ್ಕ ತೆಗೆದುಕೊಳ್ಳುವುದಿಲ್ಲ, ಏಜೆಂಟರಿಗೆ ದುಡ್ಡು ಕೊಡಬೇಡಿ. ತಿನ್ನುವ, ಕುಡಿಯುವ ಪದಾರ್ಥ ಮಾರುವುದಾದರೆ ಸರ್ಕಾರದ ಆಹಾರ ಸುರಕ್ಷತಾ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು.

ಬರೆದ ಹಾಳೆಯನ್ನು ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ, ಮೂರು ತಿಂಗಳಿಗೊಮ್ಮೆ ಓದಿ. ಅತ್ತಿಗೆ ಈಗ ಬೆಳಿಗ್ಗೆ ಏಳಕ್ಕೇ ಬಾಗಿಲು ತೆಗೆದು ಎರಡು ಹೋಟೆಲ್‌ಗೆ ಪುಡಿ ಕಳಿಸುತ್ತಾರೆ. ನಾಲ್ಕಕ್ಕೆ ಶಟರ್ ಎಳೆಯುತ್ತಾರೆ.