ಎಡಗೈಗೆ ಎರಡೇ ಸ್ವರ: ಜಾಝ್ ಪಿಯಾನೋ ನುಡಿಸಿ, ಕಲಿಸಿ ಬದುಕಬೇಕೆನ್ನುವವರಿಗೆ

ಇಪ್ಪತ್ಮೂರು ವರ್ಷದಿಂದ ನನ್ನ ದಿನಚರಿ ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ನನ್ನ ಪ್ರಾಕ್ಟೀಸ್. ಮಧ್ಯಾಹ್ನ ಮೂರರಿಂದ ಏಳರವರೆಗೆ ಪಾಠ. ವಾರಕ್ಕೆ ಎರಡೋ ಮೂರೋ ರಾತ್ರಿ ಪ್ರೋಗ್ರಾಂ. ಈ ಕೆಲಸಕ್ಕೆ ಇಳಿಯಬೇಕು ಅಂತಿರುವವರು ನನ್ನನ್ನು ಕೇಳುವುದೆಲ್ಲ ಸೋಲೋ ಬಗ್ಗೆಯೇ. ಆದರೆ ನನಗೆ ಅನ್ನ ಹಾಕಿರುವುದು ಪಕ್ಕವಾದ್ಯ. ಒಂದು ರಾತ್ರಿಯ ಮುಕ್ಕಾಲು ಪಾಲು ಹೊತ್ತು ನಾನು ಹಾಡುವವರ ಹಿಂದೆ, ಸ್ಯಾಕ್ಸೋಫೋನ್ ಊದುವವರ ಹಿಂದೆ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು, ಹಾಕುತ್ತಿರುತ್ತೇನೆ. ಜಾಝ್‌ನವರು ಇದಕ್ಕೆ ಕಾಂಪಿಂಗ್ ಅನ್ನುತ್ತಾರೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಎಡಗೈಗೆ ಎರಡೇ ಸ್ವರ ಕೊಡಿ. ಪ್ರತಿ ಕಾರ್ಡ್‌ನ ಹೆಸರಿನ ಸ್ವರದಿಂದ ಎಣಿಸಿ ಮೂರನೆಯದು ಮತ್ತು ಏಳನೆಯದು. ಜಾಝ್‌ನಲ್ಲಿ ಹೆಜ್ಜೆಗೊಮ್ಮೆ ಎದುರಾಗುವುದು ಟೂ-ಫೈವ್-ಒನ್, ಅಂದರೆ ಸ್ಕೇಲ್‌ನ ಎರಡನೇ, ಐದನೇ, ಒಂದನೇ ಸ್ವರದ ಮೇಲೆ ಕಟ್ಟಿದ ಮೂರು ಕಾರ್ಡ್ ಸಾಲಾಗಿ. ಸಿ ಮೇಜರ್‌ನಲ್ಲಿ ಅದು ಡಿ ಮೈನರ್ ಸೆವೆನ್, ಜಿ ಸೆವೆನ್, ಸಿ ಮೇಜರ್ ಸೆವೆನ್. ಮಿಡ್ಲ್ ಸಿ ಮತ್ತು ಅದರ ಕೆಳಗಿನ ಎಫ್ ಹಿಡಿಯಿರಿ. ಡಿ ಮೈನರ್ ಆಯಿತು. ಜಿ ಸೆವೆನ್ ಬಂದಾಗ ಎಫ್ ಇದ್ದಲ್ಲೇ ಇರಲಿ, ಸಿ ಮಾತ್ರ ಪಕ್ಕದ ಬಿಗೆ ಇಳಿಯಲಿ. ಸಿ ಮೇಜರ್ ಬಂದಾಗ ಬಿ ಅಲ್ಲೇ ಇರಲಿ, ಎಫ್ ಪಕ್ಕದ ಇಗೆ ಇಳಿಯಲಿ. ಒಂದು ಸಲಕ್ಕೆ ಒಂದೇ ಬೆರಳಿನ ಕೆಲಸ, ಅದೂ ಅರ್ಧ ಸ್ವರದಷ್ಟು. ಇಷ್ಟರಲ್ಲೇ ಕೇಳುವವರಿಗೆ ಹಾಡು ಎಲ್ಲಿಗೆ ಹೋಗುತ್ತಿದೆ ಅಂತ ಪೂರ್ತಿ ಗೊತ್ತಾಗುತ್ತದೆ.

ದಿನಕ್ಕೆ ಒಂದು ಸ್ಕೇಲ್, 20 ನಿಮಿಷ. ಸಿ, ಎಫ್, ಬಿ ಫ್ಲ್ಯಾಟ್, ಇ ಫ್ಲ್ಯಾಟ್ ಅಂತ ನಾಲ್ಕನೆಯ ಸ್ವರ ಹಿಡಿದು ಮುಂದೆ ಹೋಗಿ (ಫ್ಲ್ಯಾಟ್ ಅಂದರೆ ಅರ್ಧ ಸ್ವರ ಕೆಳಗೆ, ಶಾರ್ಪ್ ಅಂದರೆ ಅರ್ಧ ಸ್ವರ ಮೇಲೆ). ಹದಿಮೂರನೇ ದಿನ ಮತ್ತೆ ಸಿಗೆ ಬಂದಿರುತ್ತೀರಿ. ತಾಳದ ಟಿಕ್ ಕೊಡುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60ಕ್ಕೆ ಇಡಿ, ಆದರೆ ಟಿಕ್ ಅನ್ನುವುದನ್ನು ಎರಡು ಮತ್ತು ನಾಲ್ಕನೇ ಎಣಿಕೆ ಅಂದುಕೊಳ್ಳಿ. ಆಗ ನಿಮ್ಮ ನಿಜವಾದ ವೇಗ 120. ಮೊದಲ ವಾರ ತಲೆ ಕೆಡುತ್ತದೆ. ಟಿಕ್ ಮೆಲ್ಲಗೆ ಒಂದಕ್ಕೂ ಮೂರಕ್ಕೂ ಜಾರುತ್ತದೆ. ಜಾರಿದಾಗ ಪಿಯಾನೋ ಬಿಟ್ಟು ಎದ್ದು ನಿಲ್ಲಿ. ಒಂದು, ಮೂರಕ್ಕೆ ಕಾಲು ಹಾಕಿ. ಎರಡು, ನಾಲ್ಕಕ್ಕೆ ಚಪ್ಪಾಳೆ. ಕಾಲಿಗೆ ಬಂದ ಮೇಲೆ ಕೈಗೂ ಬರುತ್ತದೆ.

ಇದು ಗಟ್ಟಿಯಾದ ಮೇಲೆ ನಾಲ್ಕು ಸ್ವರದ ಕಾರ್ಡ್‌ಗೆ ಹೋಗಿ. ಡಿ ಮೈನರ್‌ಗೆ ಎಫ್, ಎ, ಸಿ, ಇ. ಜಿ ಸೆವೆನ್‌ಗೆ ಎಫ್, ಎ, ಬಿ, ಇ. ಸಿ ಮೇಜರ್‌ಗೆ ಇ, ಜಿ, ಬಿ, ಡಿ. ಕಾರ್ಡ್‌ನ ಹೆಸರಿನ ಸ್ವರ ಯಾವುದರಲ್ಲೂ ಇಲ್ಲ, ಗಮನಿಸಿದಿರಾ? 1950ರ ದಶಕದಲ್ಲಿ ಬಿಲ್ ಇವಾನ್ಸ್, ವಿಂಟನ್ ಕೆಲ್ಲಿ, ರೆಡ್ ಗಾರ್ಲೆಂಡ್ ಮುಂತಾದ ಪಿಯಾನೋ ವಾದಕರೆಲ್ಲ ಹೀಗೆ ನುಡಿಸಿಯೇ ಎಡಗೈಯನ್ನು ಹಗುರ ಮಾಡಿಕೊಂಡರು. ಮೂಲಸ್ವರ ನುಡಿಸಲು ಬೇಸ್‌ನವರು ಇದ್ದಾರೆ. ನೀವೂ ಅದನ್ನೇ ಕೆಳಗೆ ಗುದ್ದಿದರೆ ಬರೀ ಕೆಸರು. ಗಿಟಾರ್ ಇದ್ದರೆ ಇನ್ನೊಂದು ತಲೆನೋವು: ಇಬ್ಬರೂ ಒಟ್ಟಿಗೆ ಕಾರ್ಡ್ ಹಾಕಬಾರದು. ಯಾವ ಸೋಲೋಗೆ ಯಾರು ಅಂತ ಮೊದಲೇ ಮಾತಾಡಿಕೊಳ್ಳಿ.

ಹನ್ನೆರಡು ಸ್ಕೇಲ್ ಯಾಕೆ, ಬಿ ಮೇಜರ್‌ನಲ್ಲಿ ಜಾಝ್ ಹಾಡು ಯಾರು ನುಡಿಸುತ್ತಾರೆ ಅಂತ ಕೇಳುತ್ತೀರಿ ಅಲ್ವಾ? ನಾನೂ ಕೇಳಿದ್ದೆ. ಒಂದು ರಾತ್ರಿ ಹೋದ ಜಾಗದಲ್ಲಿ ಹಳೆಯ ಅಪ್‌ರೈಟ್ ಪಿಯಾನೋ ಇತ್ತು. ಎ ಒತ್ತಿದೆ. 440 ಹರ್ಟ್ಸ್ ಇರಬೇಕಾದದ್ದು ಟ್ಯೂನರ್‌ನಲ್ಲಿ 415ರ ಹತ್ತಿರ ತೋರಿಸಿತು. ಇಡೀ ಪಿಯಾನೋ ಅರ್ಧ ಸ್ವರ ಕೆಳಗೆ ಕೂತಿತ್ತು. ಟ್ರಂಪೆಟ್ ಅಷ್ಟು ಕೆಳಗೆ ಇಳಿಯುವುದಿಲ್ಲ. ಇಳಿಯಬೇಕಾದವಳು, ಅಲ್ಲ, ಏರಬೇಕಾದವಳು ನಾನೇ. ಬಿ ಫ್ಲ್ಯಾಟ್ ಬ್ಲೂಸ್ ಅನ್ನು ಬಿಯಲ್ಲಿ ನುಡಿಸಿದೆ. ಎಫ್ ಹಾಡನ್ನು ಎಫ್ ಶಾರ್ಪ್‌ನಲ್ಲಿ. ಬೆರಳು ಹೇಳುವುದೊಂದು, ಕಿವಿ ಕೇಳುವುದೊಂದು. ಸೋಲೋ ಎಲ್ಲ ಹಾಳಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಎಡಗೈಯ ಆ ಎರಡು ಸ್ವರ ಎಲ್ಲೂ ಕೈಕೊಡಲಿಲ್ಲ. ಹಾಡಿದವರು ಮುಂದಿನ ತಿಂಗಳು ಮತ್ತೆ ಕರೆದರು.

ಹಾಡುವವರ ಜೊತೆ ಕೂರುವುದು ಬೇರೆಯದೇ ವಿದ್ಯೆ. ಮೊದಲು ಸ್ಕೇಲ್ ಕೇಳಿ. ಹಾಳೆಯಲ್ಲಿ ಸಿ ಅಂತ ಬರೆದಿದ್ದರೂ ಅವರಿಗೆ ಜಿ ಬೇಕಾಗಬಹುದು. ಆಮೇಲೆ ವೇಗ: "ಮೊದಲ ಸಾಲು ಮೆಲ್ಲಗೆ ಹಾಡಿ ತೋರಿಸಿ" ಅನ್ನಿ, ಅಲ್ಲಿಂದಲೇ ತಾಳ ಹಿಡಿಯಿರಿ. ಪೀಠಿಕೆಗೆ ಹಾಡಿನ ಕೊನೆಯ ನಾಲ್ಕು ಬಾರ್ ಸಾಕು (ನಾಲ್ಕು ಎಣಿಕೆಯ ಒಂದು ಸುತ್ತು ಅಂದರೆ ಒಂದು ಬಾರ್). ಪೀಠಿಕೆ ಮುಗಿದಾಗ ಅವರ ಮೊದಲ ಸ್ವರ ಕಿವಿಯಲ್ಲಿ ಉಳಿದಿರಬೇಕು. ನಿಮ್ಮ ಜಾಣತನ ತೋರಿಸುವ ಜಾಗ ಅದಲ್ಲ. ಅವರು ಹಾಡುವಾಗ ಅದೇ ಮಟ್ಟನ್ನು ನೀವೂ ಬಲಗೈಯಲ್ಲಿ ನುಡಿಸಬೇಡಿ. ಬಾಯಿ ನೋಡಬೇಡಿ, ಭುಜ ನೋಡಿ. ಉಸಿರು ಎಳೆದುಕೊಳ್ಳುವಾಗ ಭುಜ ಸ್ವಲ್ಪ ಏಳುತ್ತದೆ, ಆಗ ನಿಮ್ಮ ಕೈ ಸುಮ್ಮನಿರಲಿ. ಸಾಲು ಮುಗಿದು ಅವರು ನಿಂತಾಗ ಒಂದು ಸಣ್ಣ ಉತ್ತರ ಕೊಡಿ. ಮುಗಿಸುವುದು ಹೇಗೆ ಅನ್ನುವುದನ್ನು ಮಾತ್ರ ಮೊದಲೇ ಕೇಳಿಕೊಳ್ಳಿ. ಕೊನೆಯ ನಾಲ್ಕು ಬಾರ್ ಮೂರು ಸಲ ಅಂತ ಅವರು ಅಂದುಕೊಂಡು, ನೀವು ಒಂದೇ ಸಲಕ್ಕೆ ನಿಲ್ಲಿಸಿದರೆ ಜನ ನಗುತ್ತಾರೆ.

ಇದೆಲ್ಲ ಸಣ್ಣ ಕೆಲಸ ಅನ್ನಿಸಿದರೆ ಹ್ಯಾಂಕ್ ಜೋನ್ಸ್ ಅವರನ್ನು ನೆನಪಿಸಿಕೊಳ್ಳಿ. 1962ರಲ್ಲಿ ಮರ್ಲಿನ್ ಮನ್ರೋ ಅಮೆರಿಕದ ಅಧ್ಯಕ್ಷ ಕೆನಡಿಗೆ ಹುಟ್ಟುಹಬ್ಬದ ಹಾಡು ಹಾಡಿದಾಗ ಪಿಯಾನೋದಲ್ಲಿ ಇದ್ದವರು ಅವರೇ. ಟಾಮಿ ಫ್ಲಾನಗನ್ ಎಷ್ಟೋ ವರ್ಷ ಗಾಯಕಿ ಎಲಾ ಫಿಟ್ಜೆರಾಲ್ಡ್ ಹಿಂದೆ ಕೂತು ನುಡಿಸಿದರು. ಇಬ್ಬರ ಕೈಯ ಮೆದುತನವೂ ಅಲ್ಲಿ ಪಳಗಿದ್ದು ಅಂತ ನನ್ನ ಅನಿಸಿಕೆ.

ವೇದಿಕೆ ಮೇಲೆ ಮಾತಾಡಲು ಆಗುವುದಿಲ್ಲ, ಹಾಗಾಗಿ ಕೈಸನ್ನೆ ಕಲಿಯಿರಿ. ಬೆರಳು ಕೆಳಗೆ ಅಂದರೆ ಫ್ಲ್ಯಾಟ್, ಮೇಲೆ ಅಂದರೆ ಶಾರ್ಪ್. ಕೆಳಗೆ ಮೂರು ಬೆರಳು ಅಂದರೆ ಮೂರು ಫ್ಲ್ಯಾಟ್, ಅಂದರೆ ಇ ಫ್ಲ್ಯಾಟ್ ಸ್ಕೇಲ್. ತಲೆ ಮುಟ್ಟಿಕೊಂಡರೆ ಮೊದಲ ಮಟ್ಟಿಗೆ ವಾಪಸ್. ಮೇಲಕ್ಕೆ ನಾಲ್ಕು ಬೆರಳು ಅಂದರೆ ಇ ಮೇಜರ್, ಆದರೆ ಹಾಡಿನ ನಡುವೆ ತೋರಿಸಿದರೆ ಡ್ರಮ್ಸ್ ಜೊತೆ ನಾಲ್ಕು ನಾಲ್ಕು ಬಾರ್ ಹಂಚಿಕೊಳ್ಳೋಣ ಅಂತ. ನಾನು ಒಮ್ಮೆ ಹಾಡಿನ ನಡುವೆ ಇ ಮೇಜರ್‌ಗೆ ಜಿಗಿದಿದ್ದೇನೆ. ಒಬ್ಬಳೇ.

ಪ್ರೋಗ್ರಾಂ ಒಪ್ಪಿಕೊಳ್ಳುವ ಮೊದಲು ಫೋನಿನಲ್ಲೇ ಕೇಳಿ: ಪಿಯಾನೋ ಇದೆಯಾ, ಕೀಬೋರ್ಡಾ? 88 ಕೀ ಇದೆಯಾ? ಪೆಡಲ್ ಇದೆಯಾ? ಕೊನೆಯ ಸಲ ಟ್ಯೂನ್ ಮಾಡಿಸಿದ್ದು ಯಾವಾಗ? "ಪಿಯಾನೋ ಇದೆ ಮೇಡಂ, ತುಂಬಾ ಚೆನ್ನಾಗಿದೆ" ಅಂತ ಕರೆಸಿಕೊಂಡು 61 ಕೀಯ, ಪೆಡಲ್ ಇಲ್ಲದ ಕೀಬೋರ್ಡ್ ಮುಂದೆ ಕೂರಿಸಿದವರಿದ್ದಾರೆ. ಎಷ್ಟು ಸೆಟ್, ನಡುವೆ ಬಿಡುವು ಎಷ್ಟು, ದುಡ್ಡು ಯಾವಾಗ ಅನ್ನುವುದನ್ನು ಬರಹದಲ್ಲಿ ತರಿಸಿಕೊಳ್ಳಿ. ಮುಕ್ಕಾಲು ಗಂಟೆ ಮುಂಚೆ ಹೋಗಿ ಪ್ರತಿ ಕೀಯನ್ನೂ ಒಂದೊಂದಾಗಿ ಒತ್ತಿ ನೋಡಿ. ಸತ್ತ ಕೀ ಯಾವುದು ಅಂತ ಗೊತ್ತಿದ್ದರೆ ಅದನ್ನು ತಪ್ಪಿಸಿ ನುಡಿಸಬಹುದು. ನನ್ನ ಚೀಲದಲ್ಲಿ ಸಣ್ಣ ಟಾರ್ಚ್, ಎರಡು ಪೆನ್ಸಿಲ್, ಹಾಳೆ ಹಾರದಂತೆ ಹಿಡಿಯಲು ಬಟ್ಟೆ ಕ್ಲಿಪ್, ಅಲ್ಲಾಡುವ ಸ್ಟೂಲಿನ ಕಾಲಿಗೆ ಕೊಡಲು ಮಡಚಿದ ರಟ್ಟು ಯಾವಾಗಲೂ ಇರುತ್ತದೆ. ರಟ್ಟು ಕೆಲಸಕ್ಕೆ ಬಂದಷ್ಟು ಬೇರೆ ಯಾವುದೂ ಬಂದಿಲ್ಲ.

ಇನ್ನು ಪಾಠ. ನನ್ನ ಹತ್ತಿರ ಐವತ್ತು ದಾಟಿದ ಒಬ್ಬರು ಬಂದರು. ಕ್ಲಾಸಿಕಲ್‌ನಲ್ಲಿ ಎಲ್ಲ ಗ್ರೇಡ್ ಪಾಸಾದವರು, ಏನೇ ಬರೆದಿಟ್ಟರೂ ನೋಡಿದ ಕೂಡಲೇ ನುಡಿಸುವವರು. ಬರೀ ಕಾರ್ಡ್ ಹೆಸರು ಬರೆದ ಹಾಳೆ ಮುಂದಿಟ್ಟೆ. ಕೈ ನಿಂತೇ ಹೋಯಿತು. "ಬಲಗೈಗೆ ಏನೂ ಬರೆದಿಲ್ವಲ್ಲ ಮೇಡಂ?" ಅಂದರು. ಇಂಥವರಿಗೆ ಥಿಯರಿ ಹೇಳಲು ಹೋಗಬೇಡಿ. ಮೋಡ್‌ಗಳ (ಒಂದೇ ಸ್ಕೇಲ್ ಅನ್ನು ಬೇರೆ ಬೇರೆ ಸ್ವರದಿಂದ ಶುರು ಮಾಡುವ ರೂಪಗಳ) ಪಟ್ಟಿ ಕೊಟ್ಟರೆ ಅದನ್ನೂ ಪರೀಕ್ಷೆಗೆ ಓದಿದ ಹಾಗೆ ಓದಿಕೊಂಡು ಬರುತ್ತಾರೆ. ಹನ್ನೆರಡು ಬಾರ್‌ನ ಎಫ್ ಬ್ಲೂಸ್ ತೆಗೆದುಕೊಳ್ಳಿ, ಮೂರೇ ಸ್ವರ ಕೊಡಿ: ಎಫ್, ಎ ಫ್ಲ್ಯಾಟ್, ಬಿ ಫ್ಲ್ಯಾಟ್. ನಿಯಮ ಒಂದೇ. ಎರಡು ಬಾರ್ ನುಡಿಸಬೇಕು, ಎರಡು ಬಾರ್ ಸುಮ್ಮನಿರಬೇಕು.

ಈ ನಿಯಮವನ್ನು ನಾನು ಕಟ್ಟಿದ್ದಲ್ಲ. ಬ್ಲೂಸ್ ಹಾಡಿನ ರಚನೆಯೇ ಹಾಗಿದೆ: ನಾಲ್ಕು ನಾಲ್ಕು ಬಾರ್‌ನ ಮೂರು ಸಾಲು, ಪ್ರತಿ ಸಾಲಿನ ಮೊದಲರ್ಧದಲ್ಲಿ ಹಾಡು, ಉಳಿದರ್ಧದಲ್ಲಿ ವಾದ್ಯದ ಉತ್ತರ. ನುಡಿಸುವುದು ಎಲ್ಲರಿಗೂ ಬರುತ್ತದೆ. ಸುಮ್ಮನಿರುವುದೇ ಆಗುವುದಿಲ್ಲ. ಇವರಂತೂ ಮೂರನೇ ಬಾರ್ ಬಂದರೂ ಬೆರಳು ಕೀ ಮೇಲೆ ಆಡಿಸುತ್ತಲೇ ಇದ್ದರು. "ಕೈ ತೊಡೆ ಮೇಲೆ ಇಡಿ, ನಾನು ನುಡಿಸೋದು ಕೇಳಿ" ಅಂದೆ. ಆಗ ನಾನು ಏನು ನುಡಿಸುತ್ತೇನೆ? ಬರೀ ಬೇಸ್ ಸಾಲು, ಎಡಗೈಯಲ್ಲಿ. ಪಾಠದ ಹೊತ್ತಿನಲ್ಲಿ ನಾನು ಬಲಗೈ ಜಾಸ್ತಿ ಬಳಸಿದ ದಿನ ಪಾಠ ಕೆಟ್ಟಿತು ಅಂತ ಲೆಕ್ಕ. ಮೇಷ್ಟ್ರು ನುಡಿಸಿ ತೋರಿಸಿದಷ್ಟೂ ಶಿಷ್ಯರು ನೋಡುತ್ತಾ ಕೂರುತ್ತಾರೆ.

ಮುಂದಿನ ಹೆಜ್ಜೆ, ಕಿವಿ. ನ್ಯೂಯಾರ್ಕ್‌ನಲ್ಲಿ ಪಾಠ ಹೇಳುತ್ತಿದ್ದ ಪಿಯಾನೋ ವಾದಕ ಲೆನ್ನಿ ಟ್ರಿಸ್ಟಾನೊ (1919–1978) ಶಿಷ್ಯರಿಗೆ ಸ್ಯಾಕ್ಸೋಫೋನ್ ವಾದಕ ಲೆಸ್ಟರ್ ಯಂಗ್ ಅವರ ಸೋಲೋಗಳನ್ನು ಮೊದಲು ಬಾಯಲ್ಲಿ ಹಾಡಿಸುತ್ತಿದ್ದರು. ನಾನೂ ಅದನ್ನೇ ಮಾಡುತ್ತೇನೆ, ಆದರೆ ಒಂದು ಸಲಕ್ಕೆ ನಾಲ್ಕೇ ಬಾರ್. ಕೇಳಿ, ಹಾಡಿ, ಆಮೇಲೆ ಕೀ ಹುಡುಕಿ, ಬರೆಯುವುದು ಎಲ್ಲಕ್ಕಿಂತ ಕೊನೆಗೆ. ಶುರುವಿಗೆ ಒಳ್ಳೆಯದು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 1959ರ ‘ಕೈಂಡ್ ಆಫ್ ಬ್ಲೂ’ ಆಲ್ಬಮ್‌ನ ಬಿ ಫ್ಲ್ಯಾಟ್ ಬ್ಲೂಸ್. ಆ ಆಲ್ಬಮ್ ಪೂರ್ತಿ ಬಿಲ್ ಇವಾನ್ಸ್ ಪಿಯಾನೋ, ಇದೊಂದಕ್ಕೆ ಮಾತ್ರ ವಿಂಟನ್ ಕೆಲ್ಲಿ. ಅವರ ಸೋಲೋದ ಒಂದೊಂದು ಸಾಲೂ ಹಾಡಲು ಬರುತ್ತದೆ, ಅದಕ್ಕೇ ಅದು.

ಎರಡನೇ ವರ್ಷಕ್ಕೆ ಪಿಯಾನೋ ವಾದಕ ಬ್ಯಾರಿ ಹ್ಯಾರಿಸ್ (1929–2021) ಅವರ ದಾರಿ ತೋರಿಸಿ. ಅವರು ದಶಕಗಟ್ಟಲೆ ಹಾಡುವವರು, ನುಡಿಸುವವರು ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಕಲಿಸಿದವರು. ಸಿ ಮೇಜರ್ ಸ್ಕೇಲ್‌ಗೆ ಒಂದು ಜಿ ಶಾರ್ಪ್ ಸೇರಿಸಿ, ಎಂಟು ಸ್ವರ ಆಯಿತು. ಒಂದು ಬಿಟ್ಟು ಒಂದು ಹಿಡಿದರೆ ಸಿ, ಇ, ಜಿ, ಎ ಒಂದು ಕಾರ್ಡ್. ಡಿ, ಎಫ್, ಜಿ ಶಾರ್ಪ್, ಬಿ ಇನ್ನೊಂದು. ಇವೆರಡನ್ನೇ ಹಿಂದೆಮುಂದೆ ಹತ್ತಿಸಿ ಇಳಿಸಿದರೆ ನಿಂತ ಕಾರ್ಡ್ ನಡೆಯಲು ಶುರು ಮಾಡುತ್ತದೆ. ಮೊದಲ ಸಲ ಕೇಳಿದಾಗ ಶಿಷ್ಯರ ಮುಖ ನೋಡಬೇಕು.

ನಿಮ್ಮ ಸ್ವಂತ ಪ್ರಾಕ್ಟೀಸ್ ಅನ್ನು ಪಾಠದ ನಂತರಕ್ಕೆ ಇಡಬೇಡಿ. ನಾಲ್ಕು ಪಾಠ ಆದ ಮೇಲೆ ಕಿವಿ ಸತ್ತಿರುತ್ತದೆ. ಬೆಳಿಗ್ಗೆಯೇ ಮುಗಿಸಿ, 25 ನಿಮಿಷಕ್ಕೊಮ್ಮೆ ಎದ್ದು ಕೈ ಕೊಡವಿಕೊಳ್ಳಿ. ಮಣಿಕಟ್ಟು ನೋಯಲು ಶುರುವಾದರೆ ನಿಲ್ಲಿಸಿ, ಹಟ ಬೇಡ. ಫೀಸು ತಿಂಗಳ ಮೊದಲೇ ತೆಗೆದುಕೊಳ್ಳಿ, ಹಿಂದಿನ ದಿನ ಹೇಳದೆ ತಪ್ಪಿಸಿದ ಪಾಠವನ್ನೂ ಲೆಕ್ಕಕ್ಕೆ ಹಿಡಿಯಿರಿ. ಇದನ್ನು ಮೊದಲ ದಿನವೇ ನಗುತ್ತಾ ಹೇಳಿಬಿಟ್ಟರೆ ಯಾರಿಗೂ ಬೇಜಾರಿಲ್ಲ.

ಪಾಠದಿಂದ ಪಾಠಕ್ಕೆ ಹತ್ತು ನಿಮಿಷ ಬಿಡುವು ಇಟ್ಟುಕೊಳ್ಳಿ, ಆಗ ಒಂದು ನೋಟ್‌ಬುಕ್‌ನಲ್ಲಿ ಆ ಶಿಷ್ಯರ ಬಗ್ಗೆ ಒಂದೆರಡು ಸಾಲು ಬರೆಯಿರಿ. ಮುಂದಿನ ವಾರ ಅವರು ಬಾಗಿಲು ತಟ್ಟುವ ಮೊದಲು ಓದಿಕೊಂಡರೆ ಸಾಕು. ಆ ಐವತ್ತು ದಾಟಿದವರ ಪುಟದಲ್ಲಿ ಒಂಬತ್ತನೇ ವಾರದ ಸಾಲು ಹೀಗಿದೆ: "ನಾಲ್ಕನೇ ಬಾರ್‌ನಲ್ಲಿ ಸುಮ್ಮನಿದ್ದರು. ನಾನು ಹೇಳಿರಲಿಲ್ಲ."