ಹಳೆಯ ಜೀಪಿನ ಎಂಜಿನ್: ಪಿಸ್ಟನ್ನಿಗೆ ಎಷ್ಟು ಸಡಿಲ ಬಿಡಬೇಕು?

ಕೊಡಗಿನ ತೋಟಗಳ ಶೆಡ್ಡುಗಳಲ್ಲಿ ಉಳಿದಿರುವ ಹರಿಕೇನ್ ಪೆಟ್ರೋಲ್ ಎಂಜಿನ್ನಿನ ಸಿಜೆ-3ಬಿ ಜೀಪುಗಳನ್ನು ರಿಪೇರಿ ಮಾಡಿಸುವವರು ಬಣ್ಣಕ್ಕೆ ಕೊಡುವ ಗಮನವನ್ನು ಪಿಸ್ಟನ್ನಿಗೂ, ಅದು ಮೇಲೆ ಕೆಳಗೆ ಓಡಾಡುವ ದುಂಡು ಕೊಳವೆಯಾದ ಬೋರಿಗೂ ನಡುವೆ ಬಿಡಬೇಕಾದ ಸಡಿಲಕ್ಕೆ ಕೊಡುವುದಿಲ್ಲ. ಎಂಜಿನ್ ಕೆಲಸ ಮುಗಿದು ತಿಂಗಳಾಗುವ ಮೊದಲೇ ಮಾಂದಲಪಟ್ಟಿಯ ಏರಿನಲ್ಲಿ ಸೀಜ್ ಆದ, ಅಂದರೆ ಎಂಜಿನ್ ಹಿಡಿದುಕೊಂಡು ನಿಂತುಹೋದ, ಜೀಪೊಂದನ್ನು ಬಿಚ್ಚುವಾಗ ನಾನು ಪಕ್ಕದಲ್ಲೇ ಇದ್ದೆ. ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಪಿನ್ನಿನ ಇಕ್ಕೆಲಗಳಲ್ಲಿ ಗೀರು ಬಿದ್ದು, ಬೋರಿನ ಗೋಡೆಗೆ ಪಿಸ್ಟನ್ನಿನ ಅಲ್ಯೂಮಿನಿಯಂ ಮೆತ್ತಿಕೊಂಡಿತ್ತು. ಸದ್ದು ಬರಬಾರದೆಂದು ಮಾಲೀಕರೇ ಬಿಗಿಯಾಗಿ ಕೂರಿಸಲು ಹೇಳಿದ್ದರಂತೆ.

ಒಂದೇ ಪ್ರಮಾಣದ ಬಿಸಿಗೆ ಪಿಸ್ಟನ್ನಿನ ಅಲ್ಯೂಮಿನಿಯಂ ಬೋರಿನ ಬೀಡು ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಸಡಿಲ ಬೇಕಾಗುವುದು ಅದಕ್ಕಾಗಿ. ಬೋರಿನ ಪ್ರತಿ ಇಂಚಿಗೆ ಒಂದು ಥೌ, ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ, ಎಂಬುದು ಹಳೆಯ ಮೆಕ್ಯಾನಿಕ್‌ಗಳ ಲೆಕ್ಕ. ಈ ಎಂಜಿನ್ನಿನ ಬೋರು 3.125 ಇಂಚು ಇರುವುದರಿಂದ ಮೂರು ಥೌ, ಎಂದರೆ ಸುಮಾರು 0.075 ಮಿ.ಮೀ. ಆಗುತ್ತದೆ. ಕಾಫಿ ಮೂಟೆ ಹೇರಿಕೊಂಡು ಲೋ ಗೇರಿನಲ್ಲಿ ಏರು ಹತ್ತುವ ಜೀಪಿಗೆ ನಾನು ಮೂರೂವರೆ ಥೌಗಿಂತ ಕಡಿಮೆ ಬಿಡಿಸುವುದಿಲ್ಲ. ಮಡಿಕೇರಿಯ ಚಳಿಯಲ್ಲಿ ಬೆಳಿಗ್ಗೆ ಎರಡು ನಿಮಿಷ ಟಕಟಕ ಎಂದರೆ ಎನ್ನಲಿ. ಫೋರ್ಜ್ಡ್ (ಎರಕ ಹೊಯ್ಯದೆ ಒತ್ತಿ ಬಡಿದು ಮಾಡಿದ) ಪಿಸ್ಟನ್ ಹಾಕುವುದಾದರೆ ಈ ಲೆಕ್ಕ ನಡೆಯದು. ಅದಕ್ಕೆ ತಯಾರಕರು ಹೇಳಿದ ಅಳತೆಯೇ ಅಂತಿಮ.

ಪಿಸ್ಟನ್ ಮೊದಲು ಕೊಳ್ಳಬೇಕು, ಅದರ ಅಳತೆಗೆ ಬೋರನ್ನು ಕೊರೆದು ಅಗಲಿಸುವ ಬೋರಿಂಗ್ ಆಮೇಲೆ. ಹೆಸರಿಲ್ಲದ ಡಬ್ಬಿಗಳಲ್ಲಿ ಬರುವ ಅಗ್ಗದ ಸೆಟ್ಟುಗಳಲ್ಲಿ ನಾಲ್ಕು ಪಿಸ್ಟನ್ ನಾಲ್ಕು ಅಳತೆಯವಾಗಿರುವುದನ್ನು ಕಂಡಿದ್ದೇನೆ, ಅವನ್ನು ಕೊಳ್ಳಲೇಬೇಡಿ.

ಹೆಚ್ಚಿನವರು ಎಡವುವುದು ಅಳೆಯುವಲ್ಲಿ. ಪಿಸ್ಟನ್ ಪೂರ್ತಿ ದುಂಡಗಿರುವುದಿಲ್ಲ. ಮೇಲ್ಭಾಗ ಕಿರಿದು, ಪಿನ್ನಿನ ದಿಕ್ಕಿನಲ್ಲಿ ಅಗಲ ಇನ್ನೂ ಕಡಿಮೆ. ಆದ್ದರಿಂದ ಪಿಸ್ಟನ್ನಿನ ಮೇಲ್ಭಾಗಕ್ಕೆ ತೊಡಿಸುವ ರಿಂಗಿನ ಕೆಳಗೆ ಮೈಕ್ರೋಮೀಟರ್ ಹಿಡಿದರೆ ಇಲ್ಲದ ಸಡಿಲ ಇದ್ದಂತೆ ಕಾಣುತ್ತದೆ. ಪಿನ್ನಿಗೆ ಅಡ್ಡಲಾಗಿ, ಸ್ಕರ್ಟಿನ (ರಿಂಗುಗಳ ಕೆಳಗಿನ ಪಿಸ್ಟನ್ ಗೋಡೆಯ) ಕೆಳಭಾಗದಲ್ಲಿ ಅಳೆದು, ಅದೇ ಮೈಕ್ರೋಮೀಟರಿನಿಂದ ಬೋರಿನ ಒಳ ಅಗಲ ಅಳೆಯುವ ಬೋರ್ ಗೇಜನ್ನು ಸೊನ್ನೆಗೆ ತಂದುಕೊಳ್ಳಬೇಕು. ಆಗ ಉಪಕರಣದಲ್ಲಿ ಸಣ್ಣ ದೋಷವಿದ್ದರೂ ಎರಡೂ ಕಡೆ ಒಂದೇ ಆಗಿ ಕಳೆದುಹೋಗುತ್ತದೆ. ಬೋರನ್ನು ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆ ಎರಡು ದಿಕ್ಕಿನಲ್ಲಿ ನೋಡಿ, ಅತಿ ಕಿರಿದಾದ ಅಳತೆಯನ್ನೇ ಲೆಕ್ಕಕ್ಕೆ ಹಿಡಿಯಿರಿ. ಬೋರಿಂಗ್ ಮುಗಿದ ಕೂಡಲೇ ಬೋರುಗಳಿರುವ ಬಿಸಿ ಬ್ಲಾಕನ್ನು ಅಳೆಯಬಾರದು. ಬ್ಲಾಕು, ಪಿಸ್ಟನ್ ಎರಡೂ ಒಂದು ರಾತ್ರಿ ಒಂದೇ ಕೋಣೆಯಲ್ಲಿರಲಿ.

ಬೋರ್ ಗೇಜ್ ಇಲ್ಲದಿದ್ದರೆ ಹಳೆಯ ಪದ್ಧತಿಯಿದೆ. ರಿಂಗ್ ತೆಗೆದ ಪಿಸ್ಟನ್ನನ್ನು ತಲೆಕೆಳಗಾಗಿ ಬೋರಿಗಿಳಿಸಿ, ಪಿನ್ನಿಗೆ ಅಡ್ಡಲಾದ ಬದಿಯಲ್ಲಿ ಮುಕ್ಕಾಲು ಇಂಚು ಅಗಲದ ಮೂರು ಥೌ ದಪ್ಪದ ಫೀಲರ್ (ತೆಳು ಉಕ್ಕಿನ) ಪಟ್ಟಿಯನ್ನು ಉದ್ದಕ್ಕೆ ತೂರಿಸಿ, ಆ ಪಟ್ಟಿಯನ್ನು ಸ್ಪ್ರಿಂಗ್ ತಕ್ಕಡಿಯಿಂದ ಮೇಲಕ್ಕೆಳೆಯಬೇಕು. ಎಳೆತ 5ರಿಂದ 10 ಪೌಂಡು, ಅಂದರೆ ಎರಡೂಕಾಲರಿಂದ ನಾಲ್ಕೂವರೆ ಕಿಲೋ ಒಳಗಿರಬೇಕು. ನನಗೆ ಐದು ಪೌಂಡಿನ ಹತ್ತಿರವಿದ್ದರೆ ಸಮಾಧಾನ. ಕುಯ್ದ ಕಾಫಿ ತೂಗುವ ದೊಡ್ಡ ತಕ್ಕಡಿಯಲ್ಲಿ ಇಷ್ಟು ಸಣ್ಣ ತೂಕ ತಿಳಿಯದು, ಮೀನು ಮಾರುವವರ ಚಿಕ್ಕ ತಕ್ಕಡಿ ತನ್ನಿ.

ಬಿಗಿಯಾಗಿದ್ದರೆ ಬೋರನ್ನು ಇನ್ನಷ್ಟು ಹೋನ್ ಮಾಡಿಸಿ, ಅಂದರೆ ಸಾಣೆಕಲ್ಲಿನಿಂದ ತಿಕ್ಕಿಸಿ. ಪಿಸ್ಟನ್ನಿಗೆ ಎಮರಿ ಕಾಗದ ತಿಕ್ಕುವ ಅಡ್ಡದಾರಿ ಬೇಡ. ಹೊಂದಿದ ಪಿಸ್ಟನ್ನಿಗೆ ಬೋರಿನ ಸಂಖ್ಯೆ ಬರೆದಿಡಿ. ಬೋರಿನೊಳಗಿಟ್ಟ ರಿಂಗಿನ ಬಾಯಿ, ಅಂದರೆ ಅದರ ಎರಡು ತುದಿಗಳ ನಡುವಿನ ಸಂದು, ಸುಮಾರು 0.30 ಮಿ.ಮೀ. ಇರಲಿ. ಹೋನಿಂಗ್ ಆದ ಬೋರನ್ನು ಪೆಟ್ರೋಲಿನಲ್ಲಿ ಒರೆಸಿದರೆ ಕಲ್ಲಿನ ಪುಡಿ ಒಳಗೇ ಉಳಿಯುತ್ತದೆ. ಬಿಸಿ ಸೋಪುನೀರಿನಲ್ಲಿ ಉಜ್ಜಿ ತೊಳೆದು, ಎಣ್ಣೆ ಹಚ್ಚಿದ ಬಿಳಿ ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೆ ಒರೆಸಬೇಕು. ಜೋಡಿಸಿದ ಮೇಲೆ ಮೊದಲ 500 ಕಿ.ಮೀ. ಮೂಟೆ ಹೇರದೆ ಓಡಿಸಿ, ಎಣ್ಣೆ ಬದಲಿಸಿ.