ಹೊಸ ರೂಪಾಂತರಿ ಎಲ್ಲಿಂದ ಬಂತು? ಫಾರ್ವರ್ಡ್ ಮಾಡುವ ಮೊದಲು ಹೀಗೆ ನೋಡಿ

ವೈರಸ್ಸಿನ ಹೊಸ ರೂಪಾಂತರಿ ಸಿಕ್ಕಿತು ಅಂದ ಕೂಡಲೇ ಎಲ್ಲರೂ ಕೇಳುವುದು ‘ಇದು ಯಾವ ದೇಶದ್ದು?’ ಎಂದು. ಸಂಜೆಯೊಳಗೆ ವಾಟ್ಸ್‌ಆ್ಯಪ್‌ನಲ್ಲಿ ಉತ್ತರವೂ ಬಂದುಬಿಡುತ್ತದೆ. ಆ ದೇಶದವರು ಹರಡಿದ್ದಂತೆ, ಲಸಿಕೆಯಿಂದಲೇ ಹುಟ್ಟಿದ್ದಂತೆ. ಇಂಥ ಮಾತನ್ನು ನಾವೇ ತೂಗಿ ನೋಡಬಹುದು, ಅದಕ್ಕೆ ವಿಜ್ಞಾನದ ಡಿಗ್ರಿ ಬೇಕಿಲ್ಲ. 2021ರಲ್ಲಿ ಸಿಕ್ಕ ಕೊರೊನಾ ವೈರಸ್ಸಿನ ರೂಪಾಂತರಿ ಒಮಿಕ್ರಾನನ್ನೇ ಇಟ್ಟುಕೊಂಡು ನೋಡೋಣ.

1. ಸಿಕ್ಕಿದ್ದು ಎಲ್ಲಿ, ಹುಟ್ಟಿದ್ದು ಎಲ್ಲಿ ಎನ್ನುವುದನ್ನು ಬೇರೆ ಮಾಡಿ

ಟಾರ್ಚ್ ಬಿಟ್ಟ ಕಡೆ ಹಾವು ಕಂಡಿತೆಂದರೆ ಅದು ಅಲ್ಲೇ ಹುಟ್ಟಿತು ಅಂತಲ್ಲ, ಅಲ್ವಾ? ದಕ್ಷಿಣ ಆಫ್ರಿಕಾದ ಗೌಟೆಂಗ್ ಪ್ರಾಂತ್ಯದಲ್ಲಿ ಆಗಿದ್ದು ಇದೇ. ಅಲ್ಲಿ ಬಳಸುತ್ತಿದ್ದ ಒಂದು ಆರ್‌ಟಿ–ಪಿಸಿಆರ್ ಕಿಟ್ ವೈರಸ್ಸಿನ ಮೂರು ಜೀನ್‌ಗಳನ್ನು ಹುಡುಕುತ್ತದೆ. ನವೆಂಬರ್‌ನಲ್ಲಿ ಬಂದ ಸ್ಯಾಂಪಲ್‌ಗಳಲ್ಲಿ ಎರಡು ಸಿಗುತ್ತಿದ್ದವು, ಎಸ್ ಜೀನ್ ಮಾತ್ರ ಕಾಣುತ್ತಿರಲಿಲ್ಲ. ‘ಪಾಸಿಟಿವ್’ ಎಂದು ಬರೆದು ಸುಮ್ನೆ ಮುಂದೆ ಹೋಗಬಹುದಿತ್ತು. ಲ್ಯಾಬ್‌ನವರು ಹಾಗೆ ಮಾಡಲಿಲ್ಲ. ಸ್ಯಾಂಪಲ್‌ಗಳು ವೈರಸ್ಸಿನ ಜೀನ್‌ಗಳನ್ನೆಲ್ಲ ಅಕ್ಷರ ಅಕ್ಷರವಾಗಿ ಓದುವ ಜೀನೋಮ್ ಸೀಕ್ವೆನ್ಸಿಂಗ್‌ಗೆ ಹೋದವು. ನೋಡಿದರೆ, ಆ ಎಸ್ ಜೀನ್ ರೂಪಿಸುವ ಸ್ಪೈಕ್ ಪ್ರೋಟೀನ್ (ವೈರಸ್ಸಿನ ಮೈಮೇಲಿನ ಮುಳ್ಳು) ಒಂದರಲ್ಲೇ 30ಕ್ಕೂ ಜಾಸ್ತಿ ಬದಲಾವಣೆ!

ನವೆಂಬರ್ 24ರಂದು ದಕ್ಷಿಣ ಆಫ್ರಿಕಾ ಇದನ್ನು ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಿತು. 26ಕ್ಕೆ ಒಮಿಕ್ರಾನ್ ಎಂಬ ಹೆಸರು ಬಂತು. ಅಷ್ಟರಲ್ಲೇ ಹಲವು ದೇಶಗಳು ಆಫ್ರಿಕಾದ ದಕ್ಷಿಣ ಭಾಗದ ವಿಮಾನಗಳಿಗೆ ಬಾಗಿಲು ಹಾಕತೊಡಗಿದವು. ಕಷ್ಟಪಟ್ಟು ಹುಡುಕಿ, ಮುಚ್ಚಿಡದೆ ಹೇಳಿದವರಿಗೆ ಸಿಕ್ಕ ಬಹುಮಾನ ಇದು. ಹೀಗಾದರೆ ನಾಳೆ ಯಾವ ದೇಶ ಬೇಗ ಬಾಯಿ ಬಿಡುತ್ತದೆ?

2. ಸುದ್ದಿಯ ತಾರೀಕು ಬಿಡಿ, ಸ್ಯಾಂಪಲ್ಲಿನ ತಾರೀಕು ನೋಡಿ

ನೆದರ್ಲೆಂಡ್ಸ್‌ನಲ್ಲಿ ನವೆಂಬರ್ 19 ಮತ್ತು 23ರಂದು ತೆಗೆದ ಸ್ಯಾಂಪಲ್‌ಗಳಲ್ಲಿ ಒಮಿಕ್ರಾನ್ ಇತ್ತು ಎಂದು ಆಮೇಲೆ ಗೊತ್ತಾಯಿತು. ಅಂದರೆ ದಕ್ಷಿಣ ಆಫ್ರಿಕಾ ಜಗತ್ತಿಗೆ ಹೇಳುವ ಮೊದಲೇ ಅದು ಯುರೋಪಿನಲ್ಲಿತ್ತು. ನಮ್ಮಲ್ಲೂ ಅಷ್ಟೇ. ಭಾರತದ ಮೊದಲ ಎರಡು ಪ್ರಕರಣಗಳು ಬೆಂಗಳೂರಿನಲ್ಲಿ ಸಿಕ್ಕವು ಎಂದು ಡಿಸೆಂಬರ್ 2ರಂದು ಪ್ರಕಟಿಸಿದರು. ಅವರಲ್ಲಿ ಒಬ್ಬರು ವಿದೇಶಕ್ಕೆ ಹೋಗಿಯೇ ಇರಲಿಲ್ಲ. ಅಂದರೆ ಸುದ್ದಿ ಬರುವ ಮೊದಲೇ ಅದು ಇಲ್ಲಿ ಹರಡತೊಡಗಿತ್ತು.

3. ಅದರ ವಂಶವೃಕ್ಷ ಕೇಳಿ

ಆಗ ಎಲ್ಲ ಕಡೆ ಡೆಲ್ಟಾ ಎಂಬ ಹಿಂದಿನ ರೂಪಾಂತರಿ ಇದ್ದುದರಿಂದ ಒಮಿಕ್ರಾನ್ ಅದರ ಮರಿ ಎಂದೇ ಬಹಳ ಜನ ತಿಳಿದರು. ಅಲ್ಲ. ಜೀನೋಮ್ ಹೋಲಿಸಿ ನೋಡಿದಾಗ ಅದರ ಕೊಂಬೆ 2020ರ ಮಧ್ಯದ ಸುಮಾರಿಗೇ ಕವಲೊಡೆದಿತ್ತು. ಒಂದು ವರ್ಷಕ್ಕೂ ಜಾಸ್ತಿ ಕಾಲ ಯಾರ ಕಣ್ಣಿಗೂ ಬೀಳದೆ ಎಲ್ಲಿತ್ತು? ವಿಜ್ಞಾನಿಗಳ ಊಹೆ ಮುಖ್ಯವಾಗಿ ಮೂರು: ಸೀಕ್ವೆನ್ಸಿಂಗ್ ಕಡಿಮೆ ಇರುವ ಊರುಗಳಲ್ಲಿ ಸದ್ದಿಲ್ಲದೆ ಹರಡಿರಬಹುದು, ಇಲಿಯಂಥ ಪ್ರಾಣಿಗೆ ಹೋಗಿ ಮರಳಿ ಮನುಷ್ಯರಿಗೆ ಬಂದಿರಬಹುದು, ಇಲ್ಲವೇ ರೋಗನಿರೋಧಕ ಶಕ್ತಿ ಕುಗ್ಗಿದ ಒಬ್ಬರ ದೇಹದಲ್ಲಿ ತಿಂಗಳುಗಟ್ಟಲೆ ಉಳಿದು ಬದಲಾಗಿರಬಹುದು.

ಮೂರನೆಯದಕ್ಕೆ ಬಲ ಕೊಡುವ ಉದಾಹರಣೆಗಳಿವೆ. ದಕ್ಷಿಣ ಆಫ್ರಿಕಾದಲ್ಲೇ ಎಚ್‌ಐವಿ ಇದ್ದ ಒಬ್ಬ ಮಹಿಳೆಯ ದೇಹದಲ್ಲಿ ಕೊರೊನಾ ವೈರಸ್ 216 ದಿನ ಉಳಿದಿತ್ತು, ಅಷ್ಟರಲ್ಲಿ 30ಕ್ಕೂ ಜಾಸ್ತಿ ಬದಲಾವಣೆ ಕೂಡಿಕೊಂಡಿತ್ತು. ಆದರೆ ಒಮಿಕ್ರಾನ್ ಹಾಗೇ ಹುಟ್ಟಿತು ಎನ್ನಲು ಇಷ್ಟು ಸಾಲದು. ರೋಗಿಗಳ ಕಡೆ ಬೊಟ್ಟು ಮಾಡಲು ಇದನ್ನು ಬಳಸುವುದಂತೂ ಅನ್ಯಾಯ. ಅವರಿಗೆ ಬೇಕಿರುವುದು ಸರಿಯಾದ ಔಷಧಿ.

4. ಕಾಲ ತಾಳೆಯಾಗುತ್ತದೆಯೇ ನೋಡಿ

‘ರೂಪಾಂತರಿಗಳೆಲ್ಲ ಲಸಿಕೆಯಿಂದ ಹುಟ್ಟಿದವು’ ಎನ್ನುವುದು ಈ ಪರೀಕ್ಷೆಯಲ್ಲೇ ಬಿದ್ದುಹೋಗುತ್ತದೆ. ಬ್ರಿಟನ್ನಿನಲ್ಲಿ ಆಲ್ಫಾ ಎಂಬ ರೂಪಾಂತರಿ ಮೊದಲು ಸಿಕ್ಕ ಸ್ಯಾಂಪಲ್ 2020ರ ಸೆಪ್ಟೆಂಬರಿನದು. ಬ್ರಿಟನ್ ಜನರಿಗೆ ಲಸಿಕೆ ಕೊಡಲು ಶುರು ಮಾಡಿದ್ದು ಡಿಸೆಂಬರಿನಲ್ಲಿ.

5. ಸ್ವಲ್ಪ ದಿನ ಕಾಯಿರಿ

2022ರ ಜನವರಿಯಲ್ಲಿ ಸೈಪ್ರಸ್‌ನಿಂದ ಡೆಲ್ಟಾ, ಒಮಿಕ್ರಾನ್ ಎರಡೂ ಬೆರೆತ ‘ಡೆಲ್ಟಾಕ್ರಾನ್’ ಸಿಕ್ಕಿತೆಂಬ ಸುದ್ದಿ ಬಂತು, ಜಗತ್ತೆಲ್ಲ ಗಾಬರಿ. ಲ್ಯಾಬ್‌ನಲ್ಲಿ ಎರಡು ಸ್ಯಾಂಪಲ್ ಬೆರೆತಿರಬೇಕು ಎಂದು ಬೇರೆ ವಿಜ್ಞಾನಿಗಳು ಬೇಗನೇ ಹೇಳಿದರು. ಮಜಾ ನೋಡಿ, ಡೆಲ್ಟಾ–ಒಮಿಕ್ರಾನ್ ನಿಜವಾಗಿ ಬೆರೆತ ವೈರಸ್ ಅದೇ ವರ್ಷ ಫ್ರಾನ್ಸ್‌ನಲ್ಲಿ ಸಿಕ್ಕಿತು. ಅದು ಬೇರೆಯದೇ.

ದೊಡ್ಡ ಪತ್ರಿಕೆಯಲ್ಲಿ ಬಂದರೂ ಕಾಯುವುದೇ ಒಳ್ಳೆಯದು. ಒಮಿಕ್ರಾನ್ ಪಶ್ಚಿಮ ಆಫ್ರಿಕಾದಲ್ಲಿ ನಿಧಾನವಾಗಿ ರೂಪುಗೊಂಡಿತು ಎಂಬ ಲೇಖನ 2022ರ ಡಿಸೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಬೆನಿನ್ ದೇಶದ ಸ್ಯಾಂಪಲ್‌ಗಳು ಅದಕ್ಕೆ ಆಧಾರ. ಕೆಲವು ಸ್ಯಾಂಪಲ್‌ಗಳಲ್ಲಿ ಕಲಬೆರಕೆಯಾಗಿತ್ತು ಎಂದು ತಿಳಿದಾಗ ಲೇಖಕರೇ ಅದೇ ತಿಂಗಳಲ್ಲಿ ಲೇಖನ ವಾಪಸ್ ಪಡೆದರು.